‘ಪ್ರಾಬಬ್ಲಿ’ ಎಂದರೆ ಎಷ್ಟು?

ಹಾದಿಯಲ್ಲಿ ಸಿಕ್ಕಿದ ಸ್ನೇಹಿತನೊಬ್ಬನು, “ನಾಳೆ ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತೇನೆ, ಪ್ರಾಬಬ್ಲಿ” ಎಂದು ಹೇಳಿ ಹೊರಟುಹೋದನೆನ್ನಿ. ಆ ಸುದ್ದಿಯನ್ನು ಅಡಿಗೆಮನೆಗೆ ಮುಟ್ಟಿಸಿದರೆ ಅಲ್ಲಿಂದ ಬರುವ ಪ್ರಶ್ನೆ ಒಂದೇ: “ಒಬ್ಬರಿಗೆ ಹೆಚ್ಚಾಗಿ ಅಕ್ಕಿ ಹಾಕಲೋ, ಬೇಡವೋ?” ನಿಘಂಟನ್ನು ತೆರೆದು ನೋಡಿದರೆ ‘ಪ್ರಾಬಬ್ಲಿ’ಗೆ ‘ಬಹುಶಃ’, ‘ಪ್ರಾಯಶಃ’ ಎಂಬ ಅರ್ಥಗಳು ಸಿಕ್ಕುತ್ತವೆ. ಅದರಿಂದ ಅಕ್ಕಿಯ ಅಳತೆ ಮಾತ್ರ ಗೊತ್ತಾಗುವುದಿಲ್ಲ. ಅಡಿಗೆಮನೆಯವರು ಕೇಳುತ್ತಿರುವುದು ಪದದ ಅರ್ಥವನ್ನಲ್ಲ, ಅದರ ಪ್ರಮಾಣವನ್ನು.

ಒಂದು ಸೇರಕ್ಕಿಯ ಮಟ್ಟಿಗೆ ಇದು ನಗುವಿನ ವಿಷಯವಾಗಿ ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಳೆದ ನೂರೈವತ್ತು ವರ್ಷಗಳಲ್ಲಿ ಹವೆಯನ್ನು ಮುನ್ನುಡಿಯುವವರು, ಶತ್ರುಸೈನ್ಯದ ಚಲನವಲನಗಳನ್ನು ಅಂದಾಜು ಮಾಡುವವರು, ಕ್ಯಾನ್ಸರಿನ ಕಾರಣಗಳನ್ನು ಅರಸುವವರು, ಭೂಮಿಯ ತಾಪವನ್ನು ಅಳೆಯುವವರು, ಎಲ್ಲರೂ ಕುಳಿತು ತಲೆ ಕೆಡಿಸಿಕೊಂಡಿದ್ದಾರೆ. ಇಂಗ್ಲಿಷಿನ ಈ ಸಣ್ಣ ಕ್ರಿಯಾವಿಶೇಷಣ ನಮ್ಮ ಪತ್ರಿಕೆಗಳಲ್ಲಿಯೂ ದಿನವೂ ಅನುವಾದವಾಗಿ ಬರುತ್ತಿರುವುದರಿಂದ, ಅದರ ಹುಟ್ಟು, ನಡತೆ, ಬಳಕೆಗಳನ್ನು ಸ್ವಲ್ಪ ವಿಚಾರಿಸಿ ನೋಡುವುದು ವ್ಯರ್ಥವಾಗಲಾರದು.

ಮೊದಲು ವ್ಯಾಕರಣದ ಮಾತು. ‘ಬೇಗ ಬಂದನು’ ಎಂಬಲ್ಲಿ ‘ಬೇಗ’ ಎಂಬುದು ಬರುವ ಕ್ರಿಯೆಯನ್ನು ವಿಶೇಷಿಸುತ್ತದೆ. ಬಂದ ರೀತಿ ಅದರಿಂದ ತಿಳಿಯುತ್ತದೆ. ಆದರೆ ‘ಹೀ ವಿಲ್ ಪ್ರಾಬಬ್ಲಿ ಕಮ್’ ಎಂಬ ವಾಕ್ಯದಿಂದ ಅವನು ಬರುವ ಬಗೆ ಏನೂ ತಿಳಿಯದು. ‘ಪ್ರಾಬಬ್ಲಿ’ಯಾಗಿ ನಡೆಯುವ ನಡಿಗೆಯೊಂದು ಲೋಕದಲ್ಲಿಲ್ಲ. ಆ ಮಾತು ವಿಶೇಷಿಸುವುದು ಹೇಳುವವನ ತಿಳಿವಳಿಕೆಯನ್ನು. ಬರಬೇಕಾದವನು ಬರಕೂಡದೆಂದು ಆಗಲೇ ನಿಶ್ಚಯಿಸಿಬಿಟ್ಟಿರಬಹುದು. ಅದು ನಮಗೆ ಗೊತ್ತಿಲ್ಲ, ಆದುದರಿಂದ ನಾವು ‘ಪ್ರಾಬಬ್ಲಿ’ ಎನ್ನುತ್ತೇವೆ. ಹೆಸರಿಗೆ ಕ್ರಿಯಾವಿಶೇಷಣವಾದರೂ ಅದು ನಿಜವಾಗಿ ವಾಕ್ಯವಿಶೇಷಣ. ವಾಕ್ಯದಲ್ಲಿ ಅದು ಕೂರುವ ಸ್ಥಳವೂ ಇದನ್ನೇ ಸೂಚಿಸುತ್ತದೆ. ಸಹಾಯಕ ಕ್ರಿಯಾಪದದ ಅನಂತರ, ಮುಖ್ಯ ಕ್ರಿಯಾಪದಕ್ಕೆ ಮುಂಚೆ ಬರುವುದು ಅದರ ರೂಢಿಯಾದರೂ, ‘ವೋಂಟ್’ ಎಂಬಂಥ ನಿಷೇಧರೂಪ ಬಂದಾಗ ಅದು ಸಹಾಯಕ ಪದವನ್ನೂ ದಾಟಿ ಮುಂದಕ್ಕೆ ಬಂದುಬಿಡುತ್ತದೆ. ‘ಹೀ ಪ್ರಾಬಬ್ಲಿ ವೋಂಟ್ ಕಮ್’ ಎನ್ನುವುದು ಸರಿ; ‘ಹೀ ವೋಂಟ್ ಪ್ರಾಬಬ್ಲಿ ಕಮ್’ ಎಂದು ನಮ್ಮವರು ಅನೇಕರು ಬರೆಯುವುದು ಇಂಗ್ಲಿಷಿನವರ ಕಿವಿಗೆ ಒಗ್ಗುವುದಿಲ್ಲ. ನಿಷೇಧವನ್ನೂ ತನ್ನ ಅಧಿಕಾರದೊಳಕ್ಕೆ ಸೇರಿಸಿಕೊಳ್ಳುವ ಪದ ಅದು.

ಅದರ ನೆಂಟರಿಷ್ಟರಲ್ಲಿ ಮೂವರನ್ನು ಗುರುತಿಸಿದರೆ ಸಾಕು. ‘ಪಾಸಿಬ್ಲಿ’ ಎಂದರೆ ಅಸಾಧ್ಯವಲ್ಲ, ಅಷ್ಟೆ. ‘ಪರ್‌ಹ್ಯಾಪ್ಸ್’ ಎಂದರೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ‘ಲೈಕ್ಲಿ’ ಎಂಬುದು ‘ಪ್ರಾಬಬ್ಲಿ’ಯ ಒಡಹುಟ್ಟು, ವಿಜ್ಞಾನಿಗಳ ಬರಹದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುವುದು ಸಾಮಾನ್ಯ. ಇವೆರಡಕ್ಕೂ ಮಾತಿನ ರೂಢಿಯಲ್ಲಿರುವ ಅರ್ಥವು, ಆಗದಿರುವುದಕ್ಕಿಂತ ಆಗುವುದೇ ಹೆಚ್ಚು ಎಂಬುದು. ಅಂದರೆ ಅರ್ಧಕ್ಕಿಂತ ಮೇಲೆ. ಎಷ್ಟು ಮೇಲೆ? ಅಲ್ಲಿಂದಲೇ ತೊಡಕು ಮೊದಲಾಗುವುದು.

ಪದದ ಹುಟ್ಟನ್ನು ನೋಡಿದರೆ ಒಂದು ಸೋಜಿಗ ಕಾದಿದೆ. ಲ್ಯಾಟಿನ್ ಭಾಷೆಯಲ್ಲಿ ‘ಪ್ರೊಬಾರೆ’ ಎಂದರೆ ಪರೀಕ್ಷಿಸುವುದು, ಒರೆಗೆ ಹಚ್ಚಿ ಒಪ್ಪುವುದು. ಒಪ್ಪತಕ್ಕದ್ದು, ಮನ್ನಣೆಗೆ ಯೋಗ್ಯವಾದದ್ದು ‘ಪ್ರೊಬಾಬಿಲಿಸ್’. ಸಾಧಿಸಿ ತೋರಿಸುವ ‘ಪ್ರೂವ್’, ಒಪ್ಪಿಗೆ ಕೊಡುವ ‘ಅಪ್ರೂವ್’, ಉಯಿಲನ್ನು ನ್ಯಾಯಾಲಯದಲ್ಲಿ ಸ್ಥಿರಪಡಿಸುವ ‘ಪ್ರೊಬೇಟ್’, ಹೊಸದಾಗಿ ನೌಕರಿಗೆ ಸೇರಿದವನನ್ನು ಕೆಲವು ಕಾಲ ಒರೆಹಚ್ಚುವ ‘ಪ್ರೊಬೇಷನ್’, ಎಲ್ಲವೂ ಇದೇ ಬೇರಿನಿಂದ ಚಿಗುರಿದವು. ಮಧ್ಯಯುಗದ ಯೂರೋಪಿನಲ್ಲಿ ‘ಪ್ರಾಬಬಲ್’ ಆದ ಅಭಿಪ್ರಾಯವೆಂದರೆ ಬಲ್ಲವರ ಆಧಾರವುಳ್ಳ ಅಭಿಪ್ರಾಯ. ಎಷ್ಟು ಸಲ ಆಗುತ್ತದೆ ಎಂಬ ಎಣಿಕೆಯ ವಾಸನೆ ಅದರಲ್ಲಿ ಇರಲಿಲ್ಲ. ಅಲ್ಲಿದ್ದುದೆಲ್ಲ ಸಾಕ್ಷ್ಯದ ಮಾತು. ಎಣಿಕೆ ಬಂದು ಸೇರಿದ್ದು ಹದಿನೇಳನೆಯ ಶತಮಾನದಲ್ಲಿ. ೧೬೫೪ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಇಬ್ಬರೂ, ಅರ್ಧಕ್ಕೆ ನಿಂತ ಜೂಜಿನ ಪಣವನ್ನು ಆಟಗಾರರಲ್ಲಿ ಹೇಗೆ ಹಂಚಬೇಕೆಂಬುದನ್ನು ಕುರಿತು ಪತ್ರವ್ಯವಹಾರ ನಡೆಸಿದರು. ೧೭೧೩ರಲ್ಲಿ ಅಚ್ಚಾದ ಜೇಕಬ್ ಬರ್ನೂಲಿಯ ಗ್ರಂಥದಲ್ಲಿ ನಿಶ್ಚಯವನ್ನು ಒಂದು ಪೂರ್ಣವಸ್ತುವೆಂದು ಇಟ್ಟುಕೊಂಡು, ‘ಪ್ರಾಬಬಿಲಿಟಿ’ಯನ್ನು ಅದರ ಒಂದು ಪಾಲೆಂದು ಹೇಳಲಾಯಿತು. ಅಲ್ಲಿಂದ ಮುಂದೆ ಆ ಪದ ಭಿನ್ನರಾಶಿಯನ್ನು ಹೊತ್ತು ತಿರುಗತೊಡಗಿತು.

ಈಗ ನಮ್ಮ ಪದದ ಕಡೆಗೆ ತಿರುಗೋಣ. ‘ಬಹುಶಃ’ ಎಂಬುದು ಸಂಸ್ಕೃತದಲ್ಲಿ ‘ಅನೇಕ ಸಲ, ಹೇರಳವಾಗಿ’ ಎಂಬ ಅರ್ಥವುಳ್ಳದ್ದು. ‘ಪ್ರಾಯಃ’, ‘ಪ್ರಾಯಶಃ’ ಎಂಬುವೂ ‘ಬಹುಮಟ್ಟಿಗೆ, ಸಾಮಾನ್ಯವಾಗಿ’ ಎಂಬುದನ್ನು ಹೇಳತಕ್ಕವು. ಅಂದರೆ ಇಂಗ್ಲಿಷಿನ ಪದ ಸಾಕ್ಷ್ಯದ ಮನೆಯಲ್ಲಿ ಹುಟ್ಟಿ ಎಣಿಕೆಯ ಮನೆಗೆ ಬಂದು ಸೇರಿತು. ನಮ್ಮ ಪದಗಳು ಎಣಿಕೆಯ ಮನೆಯಲ್ಲಿಯೇ ಹುಟ್ಟಿದವು. ಇದು ಬರಿಯ ಶಬ್ದಚಮತ್ಕಾರವೆಂದು ಎಣಿಸಬಾರದು. ಸಂಭವನೀಯತೆ ಎಂದರೇನು ಎಂಬುದರ ಬಗ್ಗೆ ಗಣಿತಜ್ಞರಲ್ಲಿ ಇಂದಿಗೂ ಎರಡು ಪಂಗಡಗಳುಂಟು. ಅನೇಕ ಸಲ ಪ್ರಯೋಗಿಸಿದಾಗ ಎಷ್ಟು ಸಲ ಫಲಿಸುತ್ತದೆ ಎಂಬ ಪ್ರಮಾಣವೇ ಸಂಭವನೀಯತೆ ಎನ್ನುವವರು ಒಂದು ಕಡೆ. ಕೈಯಲ್ಲಿರುವ ಆಧಾರಗಳಿಗೆ ತಕ್ಕಂತೆ ನಾವು ಇಡತಕ್ಕ ನಂಬಿಕೆಯ ಅಳತೆಯೇ ಸಂಭವನೀಯತೆ ಎನ್ನುವವರು ಇನ್ನೊಂದು ಕಡೆ. ‘ಬಹುಶಃ’ ಮೊದಲನೆಯ ಪಂಗಡದ ಮಾತು, ‘ಪ್ರಾಬಬ್ಲಿ’ ಎರಡನೆಯದರದು! ವಿಜ್ಞಾನದ ಬರಹಗಳಲ್ಲಿ ಈ ಕ್ರಿಯಾವಿಶೇಷಣ ಬಂದಾಗಲೆಲ್ಲ, ಅದು ಎಣಿಸಿ ಹೇಳಿದ್ದೋ ಆಧಾರವನ್ನು ತೂಗಿ ಹೇಳಿದ್ದೋ ಎಂದು ಕೇಳಿಕೊಳ್ಳದಿದ್ದರೆ ದಾರಿ ತಪ್ಪುವುದು ಖಂಡಿತ. ಮುಂದೆ ಇದನ್ನು ಉದಾಹರಣೆಗಳಿಂದ ನೋಡಬಹುದು.

ಅದಕ್ಕೆ ಮೊದಲು ಕನ್ನಡದ ಇನ್ನೊಂದು ಸಂಪತ್ತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಇಂಗ್ಲಿಷಿನವರು ಬೇರೆ ಪದವನ್ನಿಟ್ಟು ಸೂಚಿಸುವ ಈ ಭಾವಕ್ಕೆ ಕನ್ನಡದ ಕ್ರಿಯಾಪದದಲ್ಲಿಯೇ ಒಂದು ರೂಪವಿದೆ. ‘ಬಂದೇನು, ಬಂದೀಯೆ, ಬಂದಾನು, ಬಂದೀತು’ ಎಂಬ ಈ ರೂಪಗಳನ್ನು ವೈಯಾಕರಣರು ಸಂಭಾವನಾರ್ಥಕವೆಂದು ಕರೆಯುತ್ತಾರೆ. ಮೋಡ ಕವಿದ ಸಂಜೆಯಲ್ಲಿ ಜಗಲಿಯ ಮೇಲೆ ಕುಳಿತ ಹಳ್ಳಿಯ ಹಿರಿಯನೊಬ್ಬನು ಆಡುವ ಮಾತುಗಳನ್ನು ಗಮನಿಸಿ. ‘ಮಳೆ ಬಂದರೂ ಬಂದೀತು’ ಎಂದರೆ ಅವನಿಗೆ ನೆಚ್ಚಿಕೆ ಕಡಮೆ. ಆದರೂ ಒಣಹಾಕಿದ ಬಟ್ಟೆಯನ್ನು ತೆಗೆದಿಡುವುದು ಒಳ್ಳೆಯದು. ‘ಮಳೆ ಬಂದೀತು’ ಎಂದರೆ ಒಂದಿಷ್ಟು ಹೆಚ್ಚು. ‘ಬರಬಹುದು’ ಎಂಬುದು ನಡುಮಧ್ಯದ ಮಾತು. ‘ಬರುವ ಹಾಗಿದೆ’ ಎಂದರೆ ಅವನು ಆಕಾಶದಲ್ಲಿ ಏನನ್ನೋ ಕಂಡಿದ್ದಾನೆ. ಗಾಳಿಯ ದಿಕ್ಕೋ, ಇರುವೆಯ ಸಾಲೋ, ಒಂದು ಆಧಾರವಿದೆ. ‘ಬರದೆ ಇರದು’ ಎಂದರೆ ನಿಶ್ಚಯಕ್ಕೆ ಒಂದೇ ಮೆಟ್ಟಿಲು. ಇಷ್ಟು ಮೆಟ್ಟಿಲುಗಳಿರುವ ಏಣಿ ನಮ್ಮ ಮನೆಯಲ್ಲಿಯೇ ಇರಲು, ನಾವು ಇಂಗ್ಲಿಷಿನಿಂದ ಅನುವಾದ ಮಾಡುವಾಗ ‘ಪರ್‌ಹ್ಯಾಪ್ಸ್’, ‘ಪಾಸಿಬ್ಲಿ’, ‘ಪ್ರಾಬಬ್ಲಿ’ ಮೂರಕ್ಕೂ ‘ಬಹುಶಃ’ ಎಂದು ಬರೆದು, ಏಣಿಯನ್ನು ಹಲಗೆಯಾಗಿ ಮಾಡಿ ನೆಲಕ್ಕೆ ಹಾಸಿಬಿಟ್ಟಿದ್ದೇವೆ.

ಮಳೆಯ ಮಾತು ಬಂದಿತಲ್ಲ. ವಿಜ್ಞಾನದಲ್ಲಿ ‘ಪ್ರಾಬಬ್ಲಿ’ಯ ಸಾರ್ವಜನಿಕ ಜೀವನ ಆರಂಭವಾದದ್ದೂ ಮಳೆಯಿಂದಲೇ ಎನ್ನಬಹುದು. ಅಮೆರಿಕದ ಸಿನ್ಸಿನಾಟಿಯ ಖಗೋಳ ವೀಕ್ಷಣಾಲಯದ ನಿರ್ದೇಶಕನಾಗಿದ್ದ ಕ್ಲೀವ್‌ಲೆಂಡ್ ಆ್ಯಬೆ ಎಂಬಾತನು ೧೮೬೯ರಲ್ಲಿ ತಂತಿಯ ಮೂಲಕ ಬಂದ ಹವಾವರ್ತಮಾನಗಳನ್ನು ಕೂಡಿಸಿ ಮುಂದಿನ ಹವೆಯನ್ನು ತಿಳಿಸತೊಡಗಿದನು. ೧೮೭೧ರಲ್ಲಿ ಅಲ್ಲಿನ ಸರ್ಕಾರವೇ ಆ ಕೆಲಸವನ್ನು ಕೈಗೊಂಡು ಅವನನ್ನು ನೇಮಿಸಿಕೊಂಡಿತು. ಆ ಪ್ರಕಟಣೆಗಳಿಗೆ ಇಟ್ಟ ಹೆಸರೇ ‘ಪ್ರಾಬಬಿಲಿಟೀಸ್’. ಜನರು ಆ್ಯಬೆಯನ್ನು ‘ಓಲ್ಡ್ ಪ್ರಾಬಬಿಲಿಟೀಸ್’, ಇನ್ನೂ ಚಿಕ್ಕದಾಗಿ ‘ಓಲ್ಡ್ ಪ್ರಾಬ್ಸ್’ ಎಂದು ಕರೆದರು. ೧೮೭೬ರಲ್ಲಿ ಮಾರ್ಕ್ ಟ್ವೇನನು ಒಂದು ಔತಣಕೂಟದ ಭಾಷಣದಲ್ಲಿ, ಎಲ್ಲ ದಿಕ್ಕಿನ ಗಾಳಿಯನ್ನೂ ಎಲ್ಲ ಬಗೆಯ ಹವೆಯನ್ನೂ ಒಂದೇ ಉಸಿರಿನಲ್ಲಿ ಮುನ್ನುಡಿದು ಯಾವುದಕ್ಕೂ ಸಿಕ್ಕಿಬೀಳದ ಇಂಥ ಪ್ರಕಟಣೆಯನ್ನು ಅಣಕಿಸಿ ಸಭೆಯನ್ನು ನಗಿಸಿದನು. ಅದೇ ವರ್ಷ ಆ ಹೆಸರು ಹೋಗಿ ‘ಸೂಚನೆಗಳು’ ಎಂಬ ಅರ್ಥದ ‘ಇಂಡಿಕೇಷನ್ಸ್’ ಬಂದಿತು, ೧೮೮೯ರಲ್ಲಿ ‘ಫೋರ್‌ಕಾಸ್ಟ್ಸ್’ ಬಂದಿತು. ಹೆಸರು ಬದಲಾಯಿಸಿದರೂ ಹವೆಯ ಅನಿಶ್ಚಯ ಹೋಗಲಿಲ್ಲ. ಹೆಸರಿನಲ್ಲಿದ್ದ ಪ್ರಾಮಾಣಿಕತೆ ಮಾತ್ರ ಹೋಯಿತು ಎಂದು ನನ್ನ ಅಭಿಪ್ರಾಯ.

ಇದಕ್ಕಿಂತ ಗಂಭೀರವಾದ ಪ್ರಸಂಗ ಒಂದು ನಡೆದದ್ದು ೧೯೫೧ರ ಮಾರ್ಚಿಯಲ್ಲಿ. ಸೋವಿಯತ್ ಬಣವು ಆ ವರ್ಷ ಯುಗೋಸ್ಲಾವಿಯದ ಮೇಲೆ ದಾಳಿ ಮಾಡೀತೇ ಎಂಬುದನ್ನು ಕುರಿತು ಅಮೆರಿಕದ ಗುಪ್ತಚರ ವಿಭಾಗದವರು ಒಂದು ಅಂದಾಜು ಪತ್ರವನ್ನು ತಯಾರಿಸಿದರು. ದಾಳಿಯನ್ನು ‘ಗಂಭೀರವಾದ ಸಾಧ್ಯತೆ’ ಎಂದು ಎಣಿಸಬೇಕೆಂದು ಅದರಲ್ಲಿ ಬರೆದಿತ್ತು. ಆ ಕೆಲಸದಲ್ಲಿ ಮುಖ್ಯನಾಗಿದ್ದ ಷರ್ಮನ್ ಕೆಂಟ್ ಎಂಬ ಇತಿಹಾಸದ ಪ್ರಾಧ್ಯಾಪಕನನ್ನು, ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬನು ಮಾತಿನ ನಡುವೆ, ಹಾಗೆಂದರೆ ಎಷ್ಟು ಎಂದು ಕೇಳಿದನು. ದಾಳಿಯ ಕಡೆಗೆ ೬೫, ಆಗದಿರುವ ಕಡೆಗೆ ೩೫ ಎಂದು ಕೆಂಟ್ ಉತ್ತರಿಸಿದಾಗ ಆ ಅಧಿಕಾರಿ ಬೆಚ್ಚಿದನು. ಅವನೂ ಅವನ ಜೊತೆಯವರೂ ಬಹಳ ಕಡಮೆಯೆಂದು ತಿಳಿದುಕೊಂಡಿದ್ದರು. ಕೆಂಟನು ಹಿಂದಿರುಗಿ, ಆ ವಾಕ್ಯವನ್ನು ಒಮ್ಮತದಿಂದ ಒಪ್ಪಿದ್ದ ತನ್ನ ಮಂಡಲಿಯ ಸದಸ್ಯರನ್ನೇ ಒಬ್ಬೊಬ್ಬರಾಗಿ ವಿಚಾರಿಸಿದನು. ಒಬ್ಬನ ಮನಸ್ಸಿನಲ್ಲಿ ಇದ್ದದ್ದು ನೂರಕ್ಕೆ ೨೦, ಇನ್ನೊಬ್ಬನದು ೮೦, ಉಳಿದವರು ಇವೆರಡರ ನಡುವೆ! ಅವರು ಒಪ್ಪಿದ್ದು ಶಬ್ದವನ್ನು. ಅರ್ಥವನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಿಂದ ತಂದಿದ್ದರು.

ಕೆಂಟನು ಇದನ್ನು ೧೯೬೪ರಲ್ಲಿ ಒಂದು ಪ್ರಬಂಧವಾಗಿ ಬರೆದು, ಪದಗಳಿಗೆ ಅಂಕೆಗಳನ್ನು ಗೊತ್ತುಪಡಿಸುವ ಪಟ್ಟಿಯೊಂದನ್ನು ಮುಂದಿಟ್ಟನು. ಅದರಲ್ಲಿ ‘ಪ್ರಾಬಬಲ್’ ಎಂದರೆ ನೂರಕ್ಕೆ ೭೫, ಹನ್ನೆರಡು ಹೆಚ್ಚುಕಡಮೆ. ‘ಪ್ರಾಬಬ್ಲಿ ನಾಟ್’ ಎಂದರೆ ೩೦, ಹತ್ತು ಹೆಚ್ಚುಕಡಮೆ. ಅವನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಅಂಕೆಗಳನ್ನು ಬಯಸುವವರನ್ನು ಅವನು ಗಣಿತಜ್ಞರೆಂದೂ, ಭಾಷೆಯನ್ನು ಅದರ ಪಾಡಿಗೆ ಬಿಡಬೇಕೆನ್ನುವವರನ್ನು ಕವಿಗಳೆಂದೂ ಹೆಸರಿಟ್ಟು ಕರೆದನು. ಕವಿಗಳೇ ಗೆದ್ದಂತೆ ಅನೇಕ ಕಾಲ ತೋರಿತು. ಆದರೆ ಅವರ ಗೆಲುವಿಗೂ ಬೆಲೆ ತೆರಬೇಕಾಯಿತು. ಕ್ಯೂಬಾದ ಮೇಲಿನ ದಾಳಿಯ ಯೋಜನೆಯನ್ನು ೧೯೬೧ರಲ್ಲಿ ಪರಿಶೀಲಿಸಿದ ಅಮೆರಿಕದ ಸೇನಾಮುಖ್ಯರು ಅದು ಜಯಿಸಲು ‘ಫೇರ್ ಚಾನ್ಸ್’ ಇದೆಯೆಂದು ಬರೆದರು. ನೂರಕ್ಕೆ ಮೂವತ್ತು ಎಂಬುದು ಬರೆದವರ ಮನಸ್ಸಿನಲ್ಲಿದ್ದ ಲೆಕ್ಕ. ಅದು ಕಾಗದದ ಮೇಲೆ ಇರಲಿಲ್ಲ. ಓದಿದವರಿಗೆ ಅದು ಭರವಸೆಯ ಮಾತಾಗಿ ಕಂಡಿತು. ಆ ಏಪ್ರಿಲಿನಲ್ಲಿ ದಾಳಿ ನಡೆದು ಮೂರು ದಿನಗಳೊಳಗೆ ಮುರಿದುಬಿದ್ದಿತು. ೨೦೧೫ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳಿಗೆ ಹೊರಡಿಸಿದ ನಿಯಮದಲ್ಲಿ ಅಂಕೆಗಳು ಮತ್ತೆ ಬಂದವು. ಅದರ ಪ್ರಕಾರ ‘ಪ್ರಾಬಬಲ್’, ‘ಲೈಕ್ಲಿ’ ಎಂದರೆ ೫೫ರಿಂದ ೮೦ರವರೆಗೆ.

ಹವೆಯ ವಿಜ್ಞಾನದಲ್ಲಿ ಈ ಬಗೆಯ ಪಟ್ಟಿಗಳು ಇಂದು ದಿನಬಳಕೆಗೆ ಬಂದಿವೆ. ಹವಾಮಾನದ ಬದಲಾವಣೆಯನ್ನು ಕುರಿತ ಅಂತರಸರ್ಕಾರೀ ಮಂಡಲಿಯ ವರದಿಗಳಲ್ಲಿ ‘ಲೈಕ್ಲಿ’ ಎಂದರೆ ನೂರಕ್ಕೆ ೬೬ಕ್ಕೆ ಕಡಮೆಯಿಲ್ಲ. ‘ವೆರಿ ಲೈಕ್ಲಿ’ ಎಂದರೆ ೯೦ಕ್ಕೆ ಕಡಮೆಯಿಲ್ಲ. ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’ ಎಂದರೆ ೯೫ಕ್ಕೆ ಕಡಮೆಯಿಲ್ಲ. ಭೂಮಿಯ ತಾಪ ಏರುತ್ತಿರುವುದು ಮನುಷ್ಯನ ಕೈವಾಡದಿಂದಲೇ ಎಂಬ ಒಂದು ಪ್ರಮೇಯದ ಚರಿತ್ರೆಯನ್ನು ಈ ಕ್ರಿಯಾವಿಶೇಷಣಗಳ ಚರಿತ್ರೆಯಾಗಿಯೇ ಬರೆಯಬಹುದು. ೧೯೯೫ರ ವರದಿಯಲ್ಲಿ, ಸಾಕ್ಷ್ಯಗಳ ತೂಕ ಆ ಕಡೆಗೆ ವಾಲಿದೆ ಎಂಬಷ್ಟೇ ಮಾತು. ೨೦೦೧ರಲ್ಲಿ ‘ಲೈಕ್ಲಿ’. ೨೦೦೭ರಲ್ಲಿ ‘ವೆರಿ ಲೈಕ್ಲಿ’. ೨೦೧೩ರಲ್ಲಿ ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’. ೨೦೨೧ರಲ್ಲಿ ಆ ಪದವನ್ನೇ ಬಿಟ್ಟು, ಸಂಶಯಕ್ಕೆ ಎಡೆಯಿಲ್ಲ ಎಂದರು. ಇಪ್ಪತ್ತಾರು ವರ್ಷಗಳ ಅಳತೆ, ಲೆಕ್ಕಾಚಾರ, ವಾದವಿವಾದಗಳೆಲ್ಲ ಒಂದು ಪದದ ಬದಲಾವಣೆಯಾಗಿ ಹೊರಬಂದವು. ಇವನ್ನು ಕನ್ನಡಕ್ಕೆ ತರುವಾಗ ನಾಲ್ಕು ಸಲವೂ ‘ಬಹುಶಃ’ ಎಂದೋ ‘ಸಾಧ್ಯತೆ ಇದೆ’ ಎಂದೋ ಬರೆದರೆ ಆ ಇಪ್ಪತ್ತಾರು ವರ್ಷಗಳೂ ಅಳಿಸಿಹೋದಂತೆ.

ಇನ್ನು ನಮ್ಮ ದೇಶದ ಮಳೆಯ ಮುನ್ಸೂಚನೆಗೆ ಬರೋಣ. ೧೮೭೫ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ ತನ್ನ ಪ್ರಕಟಣೆಗಳ ಅಡಿಯಲ್ಲಿ ಪದಗಳ ವಿವರಣೆಯನ್ನು ಕೊಡುತ್ತದೆ. ಅದರಂತೆ ನೂರಕ್ಕೆ ೨೫ಕ್ಕಿಂತ ಕಡಮೆಯಾದರೆ ‘ಅನ್‌ಲೈಕ್ಲಿ’. ೨೫ರಿಂದ ೫೦ ‘ಲೈಕ್ಲಿ’. ೫೦ರಿಂದ ೭೫ ‘ವೆರಿ ಲೈಕ್ಲಿ’. ೭೫ಕ್ಕೆ ಮೇಲ್ಪಟ್ಟರೆ ‘ಮೋಸ್ಟ್ ಲೈಕ್ಲಿ’. ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂತರಸರ್ಕಾರೀ ಮಂಡಲಿಯ ‘ಲೈಕ್ಲಿ’ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲ; ನಮ್ಮ ಇಲಾಖೆಯ ‘ಲೈಕ್ಲಿ’ ಅರ್ಧವನ್ನು ಮುಟ್ಟುವುದೇ ಹೆಚ್ಚು. ಮೊದಲನೆಯದನ್ನು ನಂಬಿ ನಡೆಯಬಹುದು. ಎರಡನೆಯದರಲ್ಲಿ ಆಗುವುದಕ್ಕಿಂತ ಆಗದಿರುವುದಕ್ಕೇ ಹೆಚ್ಚು ಅವಕಾಶ. ಇದು ಇಲಾಖೆಯ ತಪ್ಪಲ್ಲ. ಭಾರೀ ಮಳೆಯಂಥ ಅಪರೂಪದ ವಿಪತ್ತಿಗೆ ನಾಲ್ಕರಲ್ಲಿ ಒಂದು ಪಾಲು ಅವಕಾಶವಿದ್ದರೂ ಎಚ್ಚರಿಸಬೇಕಾದುದು ನ್ಯಾಯವೇ. ಆದರೆ ‘ಮಳೆಯಾಗುವ ಸಾಧ್ಯತೆ ಇದೆ’ ಎಂದು ಕನ್ನಡದಲ್ಲಿ ಓದಿ ಬಿತ್ತನೆಗೆ ಹೊರಟ ರೈತನಿಗೆ, ಅದು ಯಾವ ಮೆಟ್ಟಿಲಿನ ಸಾಧ್ಯತೆ ಎಂಬುದು ಗೊತ್ತಾಗದು. ಬಿತ್ತಿದ ಬೀಜ ಒಣಗಿದ ಮೇಲೆ ಅವನು ಶಪಿಸುವುದು ಹವಾಮಾನ ಇಲಾಖೆಯನ್ನು. ಶಪಿಸಬೇಕಾದುದು ನಡುವೆ ಕಳೆದುಹೋದ ಒಂದು ಪದವನ್ನು.

ಹಾಗಾದರೆ ಪದಗಳನ್ನೆಲ್ಲ ಬಿಟ್ಟು ಅಂಕೆಗಳನ್ನೇ ಕೊಟ್ಟರಾಯಿತಲ್ಲ ಎನ್ನಬಹುದು. ಅಮೆರಿಕದವರು ೧೯೬೫ರಿಂದ ಮಳೆಯ ಮುನ್ಸೂಚನೆಯನ್ನು ಶೇಕಡಾವಾರಿನಲ್ಲಿ ಕೊಡುತ್ತಿದ್ದಾರೆ. ‘ನಾಳೆ ಮಳೆಗೆ ಶೇಕಡ ೩೦ ಅವಕಾಶ’ ಎಂಬುದರ ಅರ್ಥವೇನೆಂದು ನ್ಯೂಯಾರ್ಕ್ ಮತ್ತು ಯೂರೋಪಿನ ನಾಲ್ಕು ನಗರಗಳ ಜನರನ್ನು ಕೇಳಿದ ಅಧ್ಯಯನವೊಂದು ೨೦೦೫ರಲ್ಲಿ ಪ್ರಕಟವಾಯಿತು. ಇಂಥ ಹತ್ತು ದಿನಗಳಲ್ಲಿ ಮೂರು ದಿನ ಮಳೆಯಾಗುತ್ತದೆ ಎಂಬ ಸರಿಯಾದ ಅರ್ಥವನ್ನು ಹೇಳಿದವರು ಹೆಚ್ಚಾಗಿದ್ದುದು ನ್ಯೂಯಾರ್ಕಿನಲ್ಲಿ ಮಾತ್ರ. ಉಳಿದೆಡೆಗಳಲ್ಲಿ ಅನೇಕರು, ಊರಿನ ಶೇಕಡ ೩೦ ಭಾಗದಲ್ಲಿ ಮಳೆ ಎಂದೋ, ದಿನದ ಶೇಕಡ ೩೦ ಹೊತ್ತು ಮಳೆ ಎಂದೋ ತಿಳಿದಿದ್ದರು. ಯಾವುದರಲ್ಲಿ ಮೂವತ್ತು ಎಂದು ಹೇಳದೆ ಬರಿಯ ಮೂವತ್ತು ಎಂದರೆ ಅಂಕೆಯೂ ಒಂದು ಮಸುಕಾದ ಪದವೇ.

ಆದರೂ ಎಣಿಕೆಯ ‘ಪ್ರಾಬಬ್ಲಿ’ಗೆ ಒಂದು ದೊಡ್ಡ ಗುಣವಿದೆ, ಅದನ್ನು ಪರೀಕ್ಷಿಸಬಹುದು. ನಾಳೆ ಮಳೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಹೇಳಲಾಗದು. ಆದರೆ ‘ನೂರಕ್ಕೆ ೭೦’ ಎಂದು ಹೇಳಿದ ದಿನಗಳನ್ನೆಲ್ಲ ಒಂದು ಕಡೆ ಕೂಡಿಹಾಕಿ ನೋಡಿದಾಗ ಅವುಗಳಲ್ಲಿ ಸುಮಾರು ೭೦ರಷ್ಟು ದಿನ ಮಳೆ ಬಂದಿರಬೇಕು. ಅಮೆರಿಕದ ಹವಾಮಾನ ಕಚೇರಿಯ ಗ್ಲೆನ್ ಬ್ರಯರ್ ೧೯೫೦ರಲ್ಲಿಯೇ ಇಂಥ ಮುನ್ಸೂಚನೆಗಳಿಗೆ ಅಂಕ ಹಾಕುವ ಸೂತ್ರವೊಂದನ್ನು ಕೊಟ್ಟನು. ‘ಬಹುಶಃ’ ಎಂದು ಹೇಳಿ ನುಣುಚಿಕೊಳ್ಳುವವನನ್ನು ಹಿಡಿದು ನಿಲ್ಲಿಸುವ ಉಪಾಯ ಅದು.

ಆಧಾರವನ್ನು ತೂಗುವ ‘ಪ್ರಾಬಬ್ಲಿ’ಗೆ ಈ ಪರೀಕ್ಷೆ ನಡೆಯದು. ೧೮೫೯ರ ತನ್ನ ಗ್ರಂಥದಲ್ಲಿ ಡಾರ್ವಿನ್ನನು, ಭೂಮಿಯ ಮೇಲೆ ಬದುಕಿದ ಎಲ್ಲ ಜೀವಿಗಳೂ ಯಾವುದೋ ಒಂದು ಆದಿಮ ರೂಪದಿಂದ ಇಳಿದು ಬಂದುವೆಂದು ಊಹಿಸುವ ಸ್ಥಳದಲ್ಲಿ ಇದೇ ‘ಪ್ರಾಬಬ್ಲಿ’ಯನ್ನು ಬಳಸಿದ್ದಾನೆ. ಭೂಮಿಯನ್ನು ನೂರು ಸಲ ಹುಟ್ಟಿಸಿ, ಎಪ್ಪತ್ತು ಸಲ ಹೀಗಾಯಿತೇ ಎಂದು ಎಣಿಸಿ ನೋಡುವಂತಿಲ್ಲ. ಅವನು ಹೇಳುತ್ತಿದ್ದುದು ತನ್ನ ಆಧಾರಗಳ ಬಲವನ್ನು. ನ್ಯಾಯಾಲಯದಲ್ಲಿಯೂ ಹೀಗೆಯೇ. ನಮ್ಮ ೧೮೭೨ರ ಸಾಕ್ಷ್ಯ ಅಧಿನಿಯಮದಲ್ಲಿ, ಒಂದು ಸಂಗತಿ ಸಾಬೀತಾಯಿತೆನ್ನುವುದಕ್ಕೆ ಅದು ಪೂರ್ಣ ನಿಶ್ಚಿತವಾಗಿರಬೇಕೆಂದು ಕೇಳಿರಲಿಲ್ಲ; ವಿವೇಕಿಯಾದವನು ಅದನ್ನು ನಿಜವೆಂದಿಟ್ಟುಕೊಂಡು ನಡೆಯುವಷ್ಟು ‘ಪ್ರಾಬಬಲ್’ ಆಗಿದ್ದರೆ ಸಾಕಾಗಿತ್ತು. ೨೦೨೪ರ ಜುಲೈ ೧ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಲಕ್ಷಣವನ್ನು ಉಳಿಸಿಕೊಂಡಿದೆ. ‘ಪ್ರೂವ್’ ಮತ್ತು ‘ಪ್ರಾಬಬಲ್’ ಒಂದೇ ಬೇರಿನವೆಂಬ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ.

ಈ ಎರಡನೆಯ ಬಳಕೆಯಿಂದ ಜನಸಾಮಾನ್ಯರಲ್ಲಿ ಅತ್ಯಂತ ಹೆಚ್ಚು ಗಾಬರಿಯನ್ನು ಹುಟ್ಟಿಸಿದುದೆಂದರೆ ಕ್ಯಾನ್ಸರಿನ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುತ್ತದೆ. ಮೊದಲನೆಯ ಗುಂಪಿನವು ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡುವವೆಂದು ಸಿದ್ಧಪಟ್ಟವು. ‘೨ ಎ’ ಗುಂಪಿನವು ‘ಪ್ರಾಬಬ್ಲಿ’ ಉಂಟುಮಾಡುವವು. ‘೨ ಬಿ’ ಗುಂಪಿನವು ‘ಪಾಸಿಬ್ಲಿ’ ಉಂಟುಮಾಡುವವು. ಈ ಎರಡು ಪದಗಳಿಗೂ ಅಂಕೆಯ ಅರ್ಥ ಯಾವುದೂ ಇಲ್ಲವೆಂದು ಸಂಸ್ಥೆಯೇ ಸ್ಪಷ್ಟವಾಗಿ ಹೇಳಿದೆ. ಇದನ್ನು ತಿಂದವರಲ್ಲಿ ಎಷ್ಟು ಜನಕ್ಕೆ ರೋಗ ಬರುತ್ತದೆ ಎಂಬುದನ್ನು ಅವು ಹೇಳುವುದಿಲ್ಲ; ಇದು ರೋಗಕಾರಕ ಎನ್ನಲು ಆಧಾರ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತವೆ. ೨೦೧೫ರ ಅಕ್ಟೋಬರಿನಲ್ಲಿ ಹತ್ತು ದೇಶಗಳ ೨೨ ಮಂದಿ ತಜ್ಞರು ಸೇರಿ, ಉಪ್ಪು ಹೊಗೆಗಳಿಂದ ಕೆಡದಂತೆ ಸಂಸ್ಕರಿಸಿದ ಮಾಂಸವನ್ನು ಮೊದಲನೆಯ ಗುಂಪಿಗೂ, ಕೆಂಪು ಮಾಂಸವನ್ನು ‘೨ ಎ’ ಗುಂಪಿಗೂ ಸೇರಿಸಿದರು. ಹೊಗೆಸೊಪ್ಪೂ ಮೊದಲನೆಯ ಗುಂಪಿನಲ್ಲೇ ಇದೆ. ಆದುದರಿಂದ ಎರಡೂ ಸಮನಾದ ವಿಷವೆಂದು ಅನೇಕ ಪತ್ರಿಕೆಗಳು ಸಾರಿದವು. ಸಮನಾಗಿದ್ದುದು ಸಾಕ್ಷ್ಯದ ಬಲ, ಅಪಾಯದ ಮಟ್ಟವಲ್ಲ.

ಕಾಫಿಪ್ರಿಯರಿಗೂ ಒಂದು ಸುದ್ದಿ ಇಲ್ಲಿದೆ. ೧೯೯೧ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ದೃಷ್ಟಿಯಿಂದ ಕಾಫಿಗೆ ‘ಪಾಸಿಬ್ಲಿ’ ಅಂಟಿಕೊಂಡಿತು. ೨೦೧೬ರಲ್ಲಿ ಅದನ್ನು ಬಿಡಿಸಲಾಯಿತು. ಆದರೆ ಅದೇ ವರ್ಷ, ೬೫ ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಬಿಸಿಯಾದ ಯಾವ ಪಾನೀಯವೇ ಆಗಲಿ ಅನ್ನನಾಳದ ಕ್ಯಾನ್ಸರಿಗೆ ‘ಪ್ರಾಬಬ್ಲಿ’ ಕಾರಣವೆಂದಾಯಿತು. ಕಾಫಿ ನಿರ್ದೋಷಿ, ಬಿಸಿಯ ಮೇಲೆ ಆರೋಪ!

ಈ ಪದಗಳು ಅಳೆಯುವುದು ಆಧಾರವನ್ನೇ ಎಂಬುದಕ್ಕೆ ನಮ್ಮ ಮಲೆನಾಡಿನ ಅಡಿಕೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ಆ ಸಂಸ್ಥೆಯ ತಜ್ಞರು ೨೦೦೩ರಲ್ಲಿ ತೀರ್ಮಾನಿಸಿದರು. ಅಡಿಕೆ ಇರುವುದು ಮೊದಲನೆಯ ಗುಂಪಿನಲ್ಲಿ. ಅಲ್ಲಿ ‘ಪ್ರಾಬಬ್ಲಿ’ಗೆ ಜಾಗವಿಲ್ಲ. ತೋಟವನ್ನೇ ನೆಚ್ಚಿ ಬದುಕುವವರಿಗೆ ಇದು ಕಹಿಯಾದ ಮಾತು, ಆದರೂ ಮುಚ್ಚಿಡತಕ್ಕದ್ದಲ್ಲ. ಅದೇ ಅಡಿಕೆಯ ಮುಖ್ಯ ಸತ್ವವಾದ ಅರೆಕೊಲಿನ್ ಎಂಬ ಕ್ಷಾರವನ್ನು ಬಿಡಿಯಾಗಿ ೨೦೨೦ರಲ್ಲಿ ಪರಿಶೀಲಿಸಿದಾಗ ಅದಕ್ಕೆ ದೊರೆತದ್ದು ‘ಪಾಸಿಬ್ಲಿ’ ಮಾತ್ರ. ಇಡಿಯ ಕಾಯಿ ನಿಶ್ಚಯ, ಅದರೊಳಗಿನ ಸತ್ವ ಸಂದೇಹ! ಅಪಾಯದ ಅಳತೆಯೆಂದು ಓದಿದರೆ ಇದು ಅಸಂಗತ. ಸಾಕ್ಷ್ಯದ ಅಳತೆಯೆಂದು ಓದಿದರೆ ಸಹಜ: ಅಡಿಕೆ ಅಗಿಯುವ ಜನರನ್ನು ದೀರ್ಘಕಾಲ ಗಮನಿಸಿ ನೋಡಿದ ದಾಖಲೆಗಳುಂಟು, ಅರೆಕೊಲಿನ್ನನ್ನು ಮಾತ್ರ ಬೇರ್ಪಡಿಸಿ ಸೇವಿಸುವ ಜನ ಎಲ್ಲಿದ್ದಾರೆ?

ಕಳೆ ಕೊಲ್ಲುವ ಗ್ಲೈಫೊಸೇಟ್ ಔಷಧದ ಕತೆ ಇನ್ನೂ ವಿಚಿತ್ರ. ೨೦೧೫ರ ಮಾರ್ಚಿಯಲ್ಲಿ ಲಿಯೋನ್ ಸಂಸ್ಥೆ ಅದನ್ನು ‘ಪ್ರಾಬಬ್ಲಿ’ ಕ್ಯಾನ್ಸರ್‌ಕಾರಕವೆಂದಿತು. ೨೦೧೬ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ಕೂಡಿ ನಡೆಸುವ ತಜ್ಞರ ಸಭೆ, ಆಹಾರದ ಮೂಲಕ ಅದರಿಂದ ಮನುಷ್ಯರಿಗೆ ಕ್ಯಾನ್ಸರಿನ ಅಪಾಯ ‘ಅನ್‌ಲೈಕ್ಲಿ’ ಎಂದಿತು. ಒಂದೇ ಮನೆಯ ಎರಡು ಬಾಗಿಲುಗಳಿಂದ ಎರಡು ವಿರುದ್ಧವಾದ ಮಾತುಗಳು ಹೊರಟುವೆಂದು ಜನ ಹೌಹಾರಿದರು. ಆದರೆ ಪ್ರಶ್ನೆಗಳೇ ಬೇರೆಯಾಗಿದ್ದುವು. ಈ ಹಾವಿಗೆ ವಿಷವುಂಟೇ ಎಂದು ಒಬ್ಬರು ಕೇಳಿದರು. ಊಟದ ಎಲೆಯ ಮೇಲೆ ಬೀಳುವಷ್ಟರಿಂದ ಸಾವು ಬರುವುದೇ ಎಂದು ಇನ್ನೊಬ್ಬರು ಕೇಳಿದರು.

ಇಷ್ಟನ್ನು ಕನ್ನಡದಲ್ಲಿ ಹೇಳುವುದು ಹೇಗೆ? ‘೨ ಎ’ ಗುಂಪಿಗೂ ‘೨ ಬಿ’ ಗುಂಪಿಗೂ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ಬರೆಯುವುದು ಸಲ್ಲದು. ಮೇಲೆ ಹೇಳಿದ ಏಣಿಯನ್ನು ಗೋಡೆಗೆ ಮತ್ತೆ ಒರಗಿಸಿದರೆ ಕೆಲಸ ಹಗುರವಾಗುತ್ತದೆ. ‘ಪಾಸಿಬ್ಲಿ’ಗೆ ‘ಕ್ಯಾನ್ಸರ್‌ಕಾರಕವಾಗಿದ್ದರೂ ಆಗಿದ್ದೀತು’ ಎನ್ನಬಹುದು. ‘ಪ್ರಾಬಬ್ಲಿ’ಗೆ ‘ಕ್ಯಾನ್ಸರ್‌ಕಾರಕವೆಂದು ನಂಬಲು ಬಲವಾದ ಆಧಾರವಿದೆ’ ಎನ್ನಬಹುದು. ಚಿಕ್ಕದಾಗಿ ಬೇಕಾದರೆ ‘ಆಗಿರುವ ಹಾಗಿದೆ’. ಮಳೆಯ ವಿಷಯದಲ್ಲಾದರೋ ಪದದ ಪಕ್ಕದಲ್ಲಿ ಅಂಕೆಯನ್ನೂ, ಯಾವುದರಲ್ಲಿ ಎಷ್ಟು ಎಂಬುದನ್ನೂ ಬರೆಯುವುದೇ ಮೇಲು: ‘ಇಂಥ ನಾಲ್ಕು ದಿನಗಳಲ್ಲಿ ಒಂದೆರಡು ದಿನ ಮಳೆ’.

ಒಂದು ಸಣ್ಣ ಪದದ ಅನುವಾದದಿಂದ ಇಡೀ ದರ್ಶನವೇ ತಲೆಕೆಳಗಾದ ನಿದರ್ಶನ ನಮ್ಮಲ್ಲಿಯೇ ಉಂಟು. ಜೈನರ ಸ್ಯಾದ್ವಾದದಲ್ಲಿ ಬರುವ ‘ಸ್ಯಾತ್’ ಎಂಬ ಅವ್ಯಯವನ್ನು ಇಂಗ್ಲಿಷಿನವರು ‘ಪರ್‌ಹ್ಯಾಪ್ಸ್’, ‘ಪ್ರಾಬಬ್ಲಿ’ ಎಂದು ತರ್ಜುಮೆ ಮಾಡಿದ್ದರಿಂದ ಅದು ಬರಿಯ ಸಂಶಯವಾದವೆಂಬ ಅಪವಾದಕ್ಕೆ ಗುರಿಯಾಯಿತು. ಜೈನಾಚಾರ್ಯರ ಪ್ರಕಾರ ಅದರ ಅರ್ಥ ‘ಒಂದು ದೃಷ್ಟಿಯಿಂದ ನೋಡಿದರೆ’ ಎಂಬುದು. ಅಲ್ಲಿ ಹಿಂಜರಿಕೆಯಿಲ್ಲ, ನಿಂತ ನೆಲೆಯ ನಿರ್ದೇಶನವಿದೆ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ೧೯೫೪ರಲ್ಲಿಯೂ, ಜೀವಶಾಸ್ತ್ರಜ್ಞ ಹಾಲ್ಡೇನ್ ೧೯೫೭ರಲ್ಲಿಯೂ ಸ್ಯಾದ್ವಾದವನ್ನು ಆಧುನಿಕ ಸಂಭವನೀಯತೆಯ ವಿಚಾರದೊಡನೆ ಹೋಲಿಸಿ ಲೇಖನಗಳನ್ನು ಬರೆದರು.

ಕೊನೆಗೆ ಲಿಯೋನಿನ ಪಟ್ಟಿಯ ಇನ್ನೊಂದು ಸಂಗತಿ. ಅದರಲ್ಲಿ ನಾಲ್ಕನೆಯ ಗುಂಪೊಂದು ಇದ್ದಿತು: ‘ಪ್ರಾಬಬ್ಲಿ ನಾಟ್’, ಅಂದರೆ ಕ್ಯಾನ್ಸರ್‌ಕಾರಕವಲ್ಲವೆಂದು ನಂಬಲು ಆಧಾರವುಳ್ಳವು. ಪರೀಕ್ಷಿಸಿದ ವಸ್ತುಗಳು ಸಾವಿರದ ಸುಮಾರಿಗೆ ಬಂದರೂ ಆ ಗುಂಪಿನಲ್ಲಿ ಕಾಯಂ ವಾಸವಾಗಿದ್ದುದು ನೈಲಾನ್ ತಯಾರಿಕೆಯ ಕಚ್ಚಾವಸ್ತುವಾದ ಕ್ಯಾಪ್ರೊಲ್ಯಾಕ್ಟಮ್ ಎಂಬುದು ಒಂದೇ. ಇಲ್ಲವೆಂದು ಹೇಳಲು ಬೇಕಾಗುವ ಆಧಾರ, ಇದೆಯೆಂದು ಹೇಳಲು ಬೇಕಾಗುವುದಕ್ಕಿಂತ ಎಷ್ಟೋ ದುರ್ಲಭ. ೨೦೧೯ರಲ್ಲಿ ನಿಯಮಗಳನ್ನು ತಿದ್ದುವಾಗ ಆ ಗುಂಪನ್ನೇ ಎತ್ತಿಹಾಕಿದರು. ಕ್ಯಾಪ್ರೊಲ್ಯಾಕ್ಟಮನ್ನು ಮೂರನೆಯ ಗುಂಪಿಗೆ, ಎಂದರೆ ಇಂತಿಂಥದೆಂದು ವರ್ಗೀಕರಿಸಲು ಬಾರದವುಗಳ ಸಾಲಿಗೆ, ಸಾಗಿಸಿದರು. ಈಗ ಅದಕ್ಕೆ ಯಾವ ಕ್ರಿಯಾವಿಶೇಷಣವೂ ಇಲ್ಲ.